ಹದಿನಾಲ್ಕನೇ ಪುಟದ ಬಸವಮ್ಮ

"ನಿನ್ನ ಸೊಸೆನ ಕೇಳು, ಅಡುಗೆ ಕರಿಯಪ್ಪನ್ನ ಏನ್ ಮಾಡುದ್ಲು ಅಂತ."

ಚೆಲುವರಾಜು ಮುಂದಿದ್ದ ತಟ್ಟೆಯನ್ನು ತಳ್ಳಿ ಹೀಗೆಂದಾಗ, ಸಾರಿನ ಸೌಟು ಹಿಡಿದಿದ್ದ ಪವಿತ್ರಳ ಕೈ ಅಲ್ಲೇ ನಿಂತಿತು. ಅವಳು ನಿಂತಿದ್ದದ್ದು ಮಾವನ ಎದುರಿಗೇ, ಒಂದು ಮಾರು ದೂರದಲ್ಲಿ. ಆದರೂ ಅವರು ಮಾತಾಡಿದ್ದು ಅಡುಗೆಮನೆ ಬಾಗಿಲಲ್ಲಿದ್ದ ಹೆಂಡತಿ ಜಯಲಕ್ಷ್ಮಮ್ಮನ ಜೊತೆ. ಮಾವನ ಎಡಗೈಯಲ್ಲಿ ಈ ವರ್ಷದ ಹೊಸ ಪುಸ್ತಕವಿತ್ತು, ಹದಿನಾಲ್ಕನೇ ಪುಟ ತೆರೆದಿತ್ತು.

"ಮಾವ, ಅವ್ರು ತೀರ್ಕೊಂಡು ನಾಕು ವರ್ಷ ಆಯ್ತಲ್ಲ... ಅದಕ್ಕೇ ಹೆಸರು ತೆಗೆದೆ. ಪುಸ್ತಕದಲ್ಲೂ ತೆಗೆದೆ, ಫೋನಿನಲ್ಲೂ ತೆಗೆದೆ."

"ಅವ್ನ ಹೆಂಡ್ತಿ ಬಸವಮ್ಮ ಇವತ್ತು ಪ್ರೆಸ್ಸಿಗೆ ಬಂದಿದ್ಲು ಕಣೆ," ಎಂದರು ಅವರು, ಮತ್ತೆ ಹೆಂಡತಿಗೇ. "'ಅಣ್ಣ, ಈ ಸಲ ನಮ್ದೊಂದು ಬುಟ್ಟೋಯ್ತಾ' ಅಂತ ಕೇಳುದ್ಲು. ಯುಗಾದಿ ಆದ್ಮೇಲೆ ಒಂದೇ ಒಂದು ಮದ್ವೆ ಅಡುಗೆ ಬಂದಿಲ್ವಂತೆ. ನಾನೇನಂತ ಯೋಳ್ಲಿ?" ಕೈ ತೊಳೆದು, ಅರ್ಧ ಊಟಕ್ಕೇ ಎದ್ದು ಹೊರಗೆ ಹೋದರು.

ಆ ಪುಸ್ತಕಕ್ಕೆ ಒಂದು ದೊಡ್ಡ ಹೆಸರಿತ್ತು, ಆದರೆ ಪಿರಿಯಾಪಟ್ಟಣದಲ್ಲಿ ಎಲ್ಲರೂ ಅದನ್ನು ಚೆಲುವರಾಜು ಪುಸ್ತಕ ಎಂದೇ ಕರೆಯುತ್ತಿದ್ದರು. ಪಂಪ್‌ಸೆಟ್ ರಿಪೇರಿಯವರು, ಶಾಮಿಯಾನದವರು, ಓಲಗದವರು, ಅಡುಗೆಯವರು, ಎಲ್ಲರ ಹೆಸರು, ನಂಬರು, ಒಂದೊಂದು ಚಿಕ್ಕ ಜಾಹೀರಾತು. ಇಪ್ಪತ್ತಾರು ವರ್ಷದಿಂದ ಯುಗಾದಿಗೆ ಮುಂಚೆ ತಮ್ಮ ಪ್ರೆಸ್ಸಿನಲ್ಲಿ ಅಚ್ಚು ಹಾಕಿ, ಮೂಲೆಗೊಂದು ತೂತು ಹೊಡೆದು, ಜಯಲಕ್ಷ್ಮಮ್ಮನ ಕೈಯಲ್ಲಿ ದಾರ ಪೋಣಿಸಿ ಅವರು ಹಂಚುತ್ತಿದ್ದರು. ಮನೆಮನೆಯಲ್ಲೂ ಕ್ಯಾಲೆಂಡರಿನ ಪಕ್ಕದ ಮೊಳೆಗೆ ಅದು ನೇತಾಡುತ್ತಿತ್ತು. ಮೂರು ವರ್ಷದ ಹಿಂದೆ ಎಚ್.ಡಿ. ಕೋಟೆಯಿಂದ ಸೊಸೆಯಾಗಿ ಬಂದ ಪವಿತ್ರ ಅದೇ ಅಂಗಡಿಗಳನ್ನು ಒಂದೊಂದಾಗಿ ಫೋನಿನ ನಕ್ಷೆಗೆ ಏರಿಸತೊಡಗಿದಳು. ಮಾವ ಮೂಗು ಮುರಿದರು. ಆದರೆ ಈ ವರ್ಷ ಮಂಡಿನೋವು ಬಂದು ಊರು ಸುತ್ತಲಾಗದೆ, "ಎಲ್ಲಾ ನೀನೇ ನೋಡ್ಕೊ" ಎಂದು ಪಟ್ಟಿಯನ್ನು ಅವಳ ಕೈಗೇ ಕೊಟ್ಟಿದ್ದರು. ಅಚ್ಚಿಗೆ ಹೋಗುವ ಮುಂಚೆ ಒಮ್ಮೆ ಕಣ್ಣಾಡಿಸಲೂ ಇಲ್ಲ. ಸಿಟ್ಟಿನಲ್ಲಿ ಅರ್ಧ ಪಾಲು ತಮ್ಮ ಮೇಲೆಯೇ ಇತ್ತೆಂದು ಅವರು ಯಾರಿಗೂ ಹೇಳಲಿಲ್ಲ.

ಅಂದಿನಿಂದ ಮಾವ ಸೊಸೆಯ ಜೊತೆ ಮಾತು ಬಿಟ್ಟರು. ಅವಳು ಬಡಿಸಿದರೆ ತಟ್ಟೆ ಮುಟ್ಟರು. "ನಿನ್ನ ಸೊಸೆಗೆ ಯೋಳು, ಫ್ಯಾನ್ ಆರ್ಸು ಅಂತ" ಎನ್ನುವರು, ಸ್ವಿಚ್ಚಿನ ಪಕ್ಕ ಅವಳೇ ನಿಂತಿರುವಾಗ! ಮಾತು ಬೆಳ್ಳಿ, ಮೌನ ಬಂಗಾರ ಎಂದವರು ಅಂಥ ಬಂಗಾರದ ಜೊತೆ ಒಂದೇ ಸೂರಿನಡಿ ಒಂಬತ್ತು ದಿನ ಬಾಳಿ ನೋಡಬೇಕಿತ್ತು. ಗಂಡ ಶಶಿ ಅಪ್ಪನಿಗೂ ಹೂಂ, ಹೆಂಡತಿಗೂ ಹೂಂ ಅಂದುಕೊಂಡು ಪ್ರೆಸ್ಸಿನಲ್ಲೇ ಹೊತ್ತು ಕಳೆದ. ಪವಿತ್ರ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಅತ್ತಳು. ತನ್ನ ತಪ್ಪೇನೆಂದೇ ಅವಳಿಗೆ ತಿಳಿಯಲಿಲ್ಲ. ಸತ್ತವರ ಹೆಸರು ಪುಸ್ತಕದಲ್ಲಿ ಇರಬೇಕೇ?

ಹತ್ತನೇ ದಿನ ಬೆಳಿಗ್ಗೆ ಬೆಟ್ಟದಪುರದ ಬಸ್ಸು ಹತ್ತಿದಳು.

ಬಸವಮ್ಮನ ಮನೆಯ ಜಗುಲಿಯಲ್ಲಿ ದೊಡ್ಡ ದೊಡ್ಡ ಕೊಪ್ಪರಿಗೆಗಳು ಬೋರಲಾಗಿ ಮಲಗಿದ್ದವು. ಬೈಗುಳ ತಿನ್ನಲು ಸಿದ್ಧಳಾಗಿ ಹೋದವಳಿಗೆ ಸಿಕ್ಕಿದ್ದು ಬಿಸಿ ಮುದ್ದೆ, ಹುರುಳಿಕಾಳಿನ ಬಸ್ಸಾರು. ಒಂದು ತುತ್ತು ನುಂಗಿದ್ದೇ ಪವಿತ್ರ ತಲೆಯೆತ್ತಿದಳು. ಮೂರು ವರ್ಷದ ಹಿಂದೆ ತನ್ನ ಮದುವೆಯಲ್ಲಿ ಊರೆಲ್ಲ ಹೊಗಳಿದ ಕೈರುಚಿ ಅದು.

"ನಮ್ಮ ಮದ್ವೇಲಿ ಅಡುಗೆ ಮಾಡಿದ್ದು ನೀವಾ, ಬಸವಮ್ಮ?"

"ಇನ್ಯಾರು ಕಣ್ ಮಗ? ಮೊದ್ಲಿಂದ್ಲೂ ಒಲೆ ಮುಂದೆ ಇದ್ದೋಳು ನಾನೇ. ಅವ್ರು ಮಾತಾಡೋರು, ಎಲೆ ಎಣಿಸೋರು." ಬಸವಮ್ಮ ಸೆರಗಿನಿಂದ ಮುಖ ಒರೆಸಿಕೊಂಡರು. "ಅವ್ರು ತೀರೋದ ಮೂರನೇ ದಿನ ಫೋನ್ ಬಡ್ಕೊಂತು. ಕೆ.ಆರ್. ನಗರದೋರು, ಪುಸ್ತಕ ನೋಡಿ ಮಾಡವ್ರೆ, ವಿಷ್ಯ ಗೊತ್ತಿಲ್ಲ. ನಾಮಕರಣಕ್ಕೆ ಬತ್ತೀರಾ ಅಂದ್ರು. ಅಳ್ತಾ ಅಳ್ತಾನೇ ಬತ್ತೀವಿ ಅಂದ್ಬುಟ್ಟೆ. ಆ ಎಸ್ರು ಅಲ್ಲಿದ್ದುದ್ಕೇ ನಾನು ಯಾರ ಮುಂದೂ ಕೈ ಚಾಚ್ನಿಲ್ಲ. ನಿಮ್ಮ ಮಾವನ್ನ ನಾನೇ ಕೇಳ್ಕೊಂಡಿದ್ದೆ, ಇರ್ಲಿ ಬುಡಣ್ಣ ಅಂತ."

"ಮತ್ತೆ ನಿಮ್ಮ ಹೆಸರೇ ಹಾಕಿಸ್ಬೋದಿತ್ತಲ್ಲ?"

"ನನ್ನೆಸ್ರು ಯಾರಿಗವ್ವ ಗೊತ್ತು?"

ಪವಿತ್ರಳ ಕಣ್ಣು ತುಂಬಿ ಬಂತು... ತಾನು ಅಳಿಸಿದ್ದು ಸತ್ತವರ ಹೆಸರಲ್ಲ, ಬದುಕಿರುವವಳ ಅನ್ನ. ಆದರೆ ಅಳುತ್ತಾ ಕೂರುವ ಜಾಯಮಾನ ಅವಳದಲ್ಲ. ಕೈ ತೊಳೆದು, ಬಸವಮ್ಮನ ಕೈಗೆ ಉದ್ದನೆಯ ಸೌಟು ಕೊಟ್ಟು, ಕೊಪ್ಪರಿಗೆಯ ಪಕ್ಕ ನಿಲ್ಲಿಸಿ ಫೋಟೋ ತೆಗೆದಳು. ಹತ್ತು ನಿಮಿಷದಲ್ಲಿ ಫೋನಿನ ನಕ್ಷೆಯಲ್ಲಿ ಬೆಟ್ಟದ ಬುಡಕ್ಕೆ 'ಬಸವಮ್ಮ ಅಡುಗೆ' ಎಂಬ ಹೆಸರು ಏರಿಸಿಯಾಗಿತ್ತು. ಬಸವಮ್ಮ ಆ ಮೂರಿಂಚಿನ ತೆರೆಯ ಮೇಲಿನ ಅಕ್ಷರವನ್ನು ಬಹಳ ಹೊತ್ತು ನೋಡಿದರು. "ಇದು ನಾನೇನಾ?" ಎಂದು ಕೇಳಿ, ಮದುವಣಗಿತ್ತಿಯ ಹಾಗೆ ನಾಚಿದರು.

ವಾರ ಕಳೆದರೂ ಬಸವಮ್ಮನ ಫೋನು ಮಾತ್ರ ಮಿಸುಕಲಿಲ್ಲ. ಅಡುಗೆಯವರು ಬೇಕಾದಾಗ ಈ ಸೀಮೆಯ ಹಿರಿಯರು ಕೈ ಹಾಕುತ್ತಿದ್ದದ್ದು ಜೇಬಿಗಲ್ಲ, ಮೊಳೆಗೆ. ಮೊಳೆಯ ಮೇಲಿನ ಪುಸ್ತಕದಲ್ಲಿ ಬಸವಮ್ಮ ಇಲ್ಲ. ಮಾವನ ಪುಸ್ತಕವನ್ನು ತಾನು ಎಷ್ಟು ಹಗುರವಾಗಿ ಕಂಡಿದ್ದೆ ಎಂದು ಪವಿತ್ರಳಿಗೆ ಆಗ ಅರಿವಾಯಿತು.

ಅವಳು ಗಂಡನನ್ನು ಹಿಡಿದು ಕೂರಿಸಿ ಒಂದು ಚೀಟಿ ಅಚ್ಚು ಹಾಕಿಸಿದಳು. ಸೌಟು ಹಿಡಿದ ಬಸವಮ್ಮನ ಚಿತ್ರ, ದಪ್ಪಕ್ಷರದಲ್ಲಿ ಹೆಸರು, ಅದೇ ಹಳೆಯ ನಂಬರು, ಫೋನಿನಲ್ಲಿ ನೋಡುವವರಿಗೆ ಸ್ಕ್ಯಾನ್ ಮಾಡುವ ಚೌಕ. ಕೆಳಗೆ ಸಣ್ಣದಾಗಿ, 'ದಿವಂಗತ ಕರಿಯಪ್ಪನವರ ಮನೆಯವರು.' ಜಯಲಕ್ಷ್ಮಮ್ಮ ಮೈದಾ ಕಲಸಿ ಗೋಂದು ಕಾಯಿಸಿಕೊಟ್ಟರು. ಪವಿತ್ರ ಶಾಮಿಯಾನದ ಅಂಗಡಿ, ಕಲ್ಯಾಣ ಮಂಟಪ, ಟೀ ಅಂಗಡಿ ಎನ್ನದೆ ಹೋಗಿ, ಮೊಳೆಯಿಂದ ಪುಸ್ತಕ ಇಳಿಸಿ, ಹದಿನಾಲ್ಕನೇ ಪುಟಕ್ಕೆ ಚೀಟಿ ಅಂಟಿಸಿ ಮತ್ತೆ ನೇತುಹಾಕಿದಳು. ಬಿಸಿಲಿಗೆ ಮುಖ ಕಪ್ಪಿಟ್ಟಿತು, ಬೆರಳಿಗೆಲ್ಲ ಗೋಂದು. ಮೂರು ದಿನಕ್ಕೆ ಇನ್ನೂರು ಪುಸ್ತಕ ಮುಗಿದವು. ಉಳಿದದ್ದು ಸಾವಿರದ ಮುನ್ನೂರು.

ಆ ಸಂಜೆ ಚೆಲುವರಾಜು ಟೀ ಅಂಗಡಿಯಿಂದ ಬಂದು ಕುರ್ಚಿಯಲ್ಲಿ ಕೂತರು. ಆಮೇಲೆ ಕೆಮ್ಮಿದರು.

"ನಿನ್ನ ಸೊಸೆಗೆ ಯೋಳು. ಟೀ ಅಂಗ್ಡೀಲಿ ಚೀಟಿ ಸೊಟ್ಟಗೆ ಅಂಟಿಸವ್ಳೆ."

"ನೆಟ್ಟಗೆ ಅಂಟಿಸಾಕೆ ಬರೋರು ಕುರ್ಚಿ ಮೇಲೆ ಕೂತವ್ರೆ," ಎಂದರು ಜಯಲಕ್ಷ್ಮಮ್ಮ. "ಪಾಪದ ಮಗ ಒಬ್ಳೇ ಏನ್ ಮಾಡಾಳು?"

ಮರುದಿನ ಬೆಳಿಗ್ಗೆ ಪವಿತ್ರ ಎದ್ದು ನೋಡಿದರೆ, ಮೂಲೆಯಲ್ಲಿದ್ದ ಚೀಟಿಗಳಲ್ಲಿ ಅರ್ಧ ಇಲ್ಲ. ಗೋಂದಿನ ಡಬ್ಬಿ ಇಲ್ಲ. ಅಂಗಳದಲ್ಲಿ ಮಾವನ ಹಳೆಯ ಟಿವಿಎಸ್ಸೂ ಇಲ್ಲ, ಮಾವನ ಮಂಡಿನೋವೂ ಇಲ್ಲ!

ವಾರದೊಳಗೆ ಕೆ.ಆರ್. ನಗರದಿಂದ ಬಸವಮ್ಮನಿಗೆ ಫೋನು ಬಂತು, ಶಾಮಿಯಾನದ ಅಂಗಡಿಯಲ್ಲಿ ಚೀಟಿ ಕಂಡವರಿಂದ. ಎರಡು ದಿನ ಬಿಟ್ಟು ಮೈಸೂರಿನವರೊಬ್ಬರು ಮಾಡಿದರು. ಬೆಟ್ಟದಪುರದ ತಮ್ಮ ತೋಟದ ಮನೆಯ ಗೃಹಪ್ರವೇಶಕ್ಕೆ ಫೋನಿನಲ್ಲೇ ಹುಡುಕಿದ್ದರಂತೆ. ಮೊಳೆ ಗೆದ್ದಿತೋ ಫೋನು ಗೆದ್ದಿತೋ ಎಂದು ಯಾರೂ ಪಂಚಾಯಿತಿ ಸೇರಿಸಲಿಲ್ಲ. ಕೊಪ್ಪರಿಗೆಗಳು ಬೋರಲು ಬಿಟ್ಟು ಎದ್ದವು.

ಮುಂದಿನ ಭಾನುವಾರ ಬಸವಮ್ಮ ಸೌಟಿನ ಸಮೇತ ಚೆಲುವರಾಜು ಮನೆಗೆ ಬಂದು, ಜಯಲಕ್ಷ್ಮಮ್ಮನನ್ನು ಅಡುಗೆಮನೆಯಿಂದ ಎಬ್ಬಿಸಿ ಕಳಿಸಿ, ಒಬ್ಬಟ್ಟು ಬೇಯಿಸಿದರು. ಎಲೆ ಹಾಕಿಯಾಯಿತು. ಪವಿತ್ರ ಮಾವನ ಎಲೆಯತ್ತ ಹೋಗದೆ ದೂರದಲ್ಲೇ ನಿಂತಳು.

ಚೆಲುವರಾಜು ಒಬ್ಬಟ್ಟು ಮುರಿದವರು ಅಲ್ಲೇ ನಿಲ್ಲಿಸಿದರು. "ಕರಿಯಪ್ಪನ ಎಸ್ರನ್ನ ನನ್ನ ಕೈಯಾರೆ ಒಡೆದಾಕಾಕೆ ನನ್ಗೆ ಆಗ್ನಿಲ್ಲ ಬಸವಮ್ಮ. ಅದು ಸ್ನೇಹ ಅಂದ್ಕೊಂಡಿದ್ದೆ. ಇಪ್ಪತ್ತಾರು ವರ್ಷ ತಾಲ್ಲೂಕೆಲ್ಲ ಸುತ್ತಿ ಎಸ್ರು ಬರ್ಕೊಂಡೋನು, ಅಡುಗೆ ಮಾಡೋಳ ಎಸ್ರೇನು ಅಂತ ಒಂದಿನ ಕೇಳ್ನಿಲ್ಲ. ಕಂಕುಳಲ್ಲಿ ಕೂಸಿಟ್ಕೊಂಡು ಊರೆಲ್ಲ ಹುಡುಕ್ದಂಗೆ..." ಕಣ್ಣೊರೆಸಿಕೊಂಡು, ಹೆಂಡತಿಯ ಕಡೆ ತಿರುಗದೆ, ನೇರವಾಗಿ ಸೊಸೆಯ ಮುಖ ನೋಡಿದರು.

"ಪವಿತ್ರ, ವಸಿ ಸಾರು ಇಕ್ಕವ್ವ."

ಒಂದು ತಿಂಗಳ ಮೇಲೆ ತನ್ನ ಹೆಸರು ಆ ಬಾಯಲ್ಲಿ ಕೇಳಿ ಪವಿತ್ರ ಸೌಟು ಹಿಡಿದು ಓಡಿಬಂದಳು. ಕಣ್ಣೀರಿಗೆ ಎಲೆ ಕಾಣದೆ, ಒಬ್ಬಟ್ಟಿನ ಸಾರು ಅರ್ಧ ಎಲೆಗೆ, ಅರ್ಧ ಮಾವನ ಪಂಚೆಗೆ ಬಿತ್ತು. ಅವರು ಕಾಲು ಎಳೆದುಕೊಳ್ಳಲೂ ಇಲ್ಲ. "ಬರೋ ವರ್ಷ ಪುಸ್ತಕದ ಮೇಲೆ ನನ್ನೆಸ್ರ ಪಕ್ಕ ನಿನ್ನೆಸ್ರೂ ಇರ್ತದೆ," ಎಂದರು.

"ಇಪ್ಪತ್ತಾರು ವರ್ಷ ದಾರ ಪೋಣಿಸ್ದೋಳು ನಾನು," ಎಂದರು ಬಾಗಿಲಲ್ಲಿ ನಿಂತಿದ್ದ ಜಯಲಕ್ಷ್ಮಮ್ಮ. "ನನ್ನೆಸ್ರು ಯಾವ ಪುಟದಲ್ಲದೆ?"

ಚೆಲುವರಾಜು ಪವಿತ್ರಳ ಕಡೆ ತಿರುಗಿ, "ನಿಮ್ಮತ್ತೆಗೆ ಯೋಳವ್ವ," ಎಂದರು ಮೆಲ್ಲಗೆ, "ಮೊದಲ್ನೇ ಪುಟ ಅಂತ."