ಓಗೊಟ್ಟವಳು

"ಮರಿ ಹೊರಗೆ ಬರೋ ತನಕ ಈ ಕೋಣೇಲಿ ಯಾರೂ ಬಾಯಿ ಬಿಡ್ಬಾರ್ದು. ಕೆಮ್ಮು ಬಂದ್ರೂ ಹೊರಗೆ ಹೋಗಿ ಕೆಮ್ಮಿ," ಎಂದಳು ಮಂತ್ರದ ನೂಲು ಕಟ್ಟುವ ನೂಲಜ್ಜಿ.

ಹೊಸ ಸೊಸೆಗೆ ನಗು ತಡೆಯಲಿಲ್ಲ. "ಮೊಟ್ಟೆಗೂ ಕಿವಿ ಬಂತಾ ಅಜ್ಜಿ? ಹಾಗಾದ್ರೆ ಒಂದು ಜೊತೆ ಓಲೆನೂ ಮಾಡಿಸೋಣ ಬಿಡಿ."

ಯಾರೂ ನಗಲಿಲ್ಲ. ಅತ್ತೆ ಕಣ್ಣಲ್ಲೇ ಗದರಿದಳು. ಗಂಡನಂತೂ ಈ ಕಡೆ ತಿರುಗಲೇ ಇಲ್ಲ. ಅವನ ಕಣ್ಣೆಲ್ಲ ಅಜ್ಜಿಯ ಬೆರಳುಗಳ ಮೇಲಿತ್ತು. ಅಜ್ಜಿ ಕಪ್ಪು ನೂಲಿನೊಂದಿಗೆ ಅವನ ಸತ್ತ ಮೊದಲ ಹೆಂಡತಿಯ, ಆ ಮನೆಯ ಹಿರಿ ಸೊಸೆಯ, ಉದ್ದನೆಯ ಕೂದಲೆಳೆಯನ್ನು ಹೊಸೆದು, ತುದಿ ಸುಟ್ಟು, ಏನೋ ಗುನುಗುತ್ತ, ಬೂದು ಬಣ್ಣದ ಮೊಟ್ಟೆಗೆ ಸುತ್ತುತ್ತಿದ್ದಳು. ಸುಟ್ಟ ಕೂದಲಿನ ಕಮಟು, ಒದ್ದೆ ಹೊಟ್ಟಿನ ಮುಗ್ಗು ವಾಸನೆಯ ಜೊತೆ ಸೇರಿ ಗಂಟಲಿಗೆ ಅಂಟುತ್ತಿತ್ತು.

ಅದು ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸುವ ಮನೆ. ಸುತ್ತಲಿನವರೆಲ್ಲ ಕೋಳಿ, ಬಾತುಗಳ ಮೊಟ್ಟೆಯನ್ನು ಅಲ್ಲಿಗೇ ತಂದುಕೊಡುತ್ತಿದ್ದರು. ಕಿಟಕಿ ಮುಚ್ಚಿದ ಕೋಣೆ, ಹೊಟ್ಟು ತುಂಬಿದ ಪೆಟ್ಟಿಗೆಗಳು, ಬೆಳಿಗ್ಗೆ ಸಂಜೆ ಮೊಟ್ಟೆಗಳನ್ನು ಮಗ್ಗುಲು ತಿರುಗಿಸುವ ಕೆಲಸ. ಅದನ್ನು ಯಾರು ಬೇಕಾದರೂ ಕಲಿಯಬಹುದು. ಕಷ್ಟವಿರುವುದು ಕೊನೆಯಲ್ಲಿ. ಬಲಿತ ಮರಿ ಚಿಪ್ಪಿನೊಳಗಿಂದಲೇ ಕೂಗುತ್ತದೆ. ತಾಯಿ ಓಗೊಟ್ಟರೆ ಧೈರ್ಯ ಬಂದು ಚಿಪ್ಪು ಒಡೆಯುತ್ತದೆ. ಇಲ್ಲಿ ಆ ತಾಯಿಯಾಗುತ್ತಿದ್ದವಳು ಹಿರಿ ಸೊಸೆ. ಬಾತಿನ ಮರಿಗೆ ಬಾತಾಗಿ, ಕೋಳಿ ಮರಿಗೆ ಕೋಳಿಯಾಗಿ ಓಗೊಡುತ್ತಿದ್ದಳು. ಜ್ವರದಲ್ಲಿ ಅವಳು ಹೋದ ಮೇಲೆ ಮನೆಯ ನಾಲಿಗೆಯೇ ಬಿದ್ದುಹೋದಂತಾಗಿತ್ತು.

ಹೊಸ ಸೊಸೆ ಮನೆ ತುಂಬಿದ ಹೊಸತರಲ್ಲಿ ಬಂದವನು ಪ್ರಯೋಗಾಲಯದ ಕನ್ನಡಕದವನು. ಮುತ್ತಾತಂದಿರ ಕಾಲಕ್ಕೇ ನಿರ್ವಂಶವಾದ ಹಕ್ಕಿಯೊಂದರ ಒಣಗಿದ ತೊಗಲಿನಿಂದ ಬೀಜ ಹುಟ್ಟಿಸಿ, ಅದರ ದಾಯಾದಿ ಹಕ್ಕಿಯ ಮೊಟ್ಟೆಯಲ್ಲಿ ಇಟ್ಟಿದ್ದನಂತೆ. ಮರಿಗಳು ಬಲಿಯುತ್ತಿದ್ದವು, ಚಿಪ್ಪಿನೊಳಗೆ ಕೂಗುತ್ತಿದ್ದವು, ಉತ್ತರ ಸಿಗದೆ ಅಲ್ಲೇ ಸಾಯುತ್ತಿದ್ದವು. ಆ ಜಾತಿಯ ಕೂಗು ಹೇಗಿತ್ತೆಂದು ಬಲ್ಲವರು ಭೂಮಿಯ ಮೇಲೆ ಯಾರೂ ಉಳಿದಿರಲಿಲ್ಲ. ಕೊನೆಗೆ ಅಂಥದೊಂದು ಬೂದು ಮೊಟ್ಟೆಯನ್ನು ಈ ಮನೆಗೆ ತಂದಿದ್ದ.

ದುಃಖದಲ್ಲಿದ್ದ ಅತ್ತೆ ನೂಲಜ್ಜಿಯ ಕಾಲು ಹಿಡಿದಳು. ಅಜ್ಜಿ ಹೇಳಿದ್ದಳು: "ಅದು ಓಗೊಡೋ ದನಿಯಿಲ್ಲದ ಹಕ್ಕಿ. ಒಡತಿಯಿಲ್ಲದ ದನಿ ನಿಮ್ಮನೇಲಿದೆ. ಎರಡನ್ನೂ ಗಂಟು ಹಾಕ್ತೀನಿ. ಸತ್ತೋಳು ಓಗೊಡ್ತಾಳೆ, ಮರಿ ಅವಳ ದನೀಲೇ ಮಾತಾಡ್ತದೆ. ಆದ್ರೆ ನಡುವೆ ಬದುಕಿರೋರ ದನಿ ಬಿದ್ರೆ ಹಕ್ಕಿ ಅದನ್ನೇ ಎಳ್ಕೊಳ್ತದೆ. ಪುಕ್ಕಟೆ ತಗೊಳ್ಳಲ್ಲ. ತನ್ನ ಕೂಗನ್ನ ಅಲ್ಲಿಟ್ಟು ಹೋಗ್ತದೆ."

ಅಂದಿನಿಂದ ಗಂಡ ಆ ಕೋಣೆಯ ಬಾಗಿಲಿಗೆ ಕಿವಿಯಾನಿಸಿ ಕೂರತೊಡಗಿದ. ಗಡ್ಡ ಬೋಳಿಸಿದ. ಹೊಸ ಅಂಗಿ ತೊಟ್ಟ. ಮದುವೆಯ ದಿನ ಅವನ ಮುಖದಲ್ಲಿ ಕಾಣದ ಕಳೆ ಈಗ ಹೊಸ ಸೊಸೆಗೆ ಕಂಡಿತು. ಬದುಕಿರುವ ಸವತಿಯಾದರೆ ಜಡೆ ಹಿಡಿದು ಜಗಳವಾಡಬಹುದು. ಸತ್ತವಳ ಜೊತೆ ಹೇಗೆ ಏಗುವುದು? ಸತ್ತವಳಿಗೆ ಮುಪ್ಪಿಲ್ಲ. ಸತ್ತವಳು ಅಡುಗೆಗೆ ಉಪ್ಪು ಹೆಚ್ಚು ಮಾಡುವುದಿಲ್ಲ.

"ರೀ, ಊಟಕ್ಕೆ ಬನ್ನಿ."

"ಶ್! ಮೆಲ್ಲಗೆ. ಅವಳಿಗೆ ಕೇಳಿಸ್ತದೆ."

"ಯಾರಿಗೆ?"

ಅವನು ದಾರಿ ಕೇಳಲು ಬಂದ ಅಪರಿಚಿತಳನ್ನು ನೋಡುವಂತೆ ನೋಡಿದ. "ಮೊಟ್ಟೆಗೆ," ಎಂದ.

ಚಿಪ್ಪಿನೊಳಗೆ ಕುಟುಕುವ ಸದ್ದು ಶುರುವಾದ ಮಧ್ಯಾಹ್ನ ಅವನು ಕನ್ನಡಕದವನನ್ನು ಕರೆತರಲು ಓಡಿದ. ಅತ್ತೆ ಗೋಡೆಗೊರಗಿ ತೂಕಡಿಸುತ್ತಿದ್ದಳು. ಹೊಸ ಸೊಸೆ ಬಾಗಿಲು ಸರಿಸಿ ಒಳಗೆ ಕಾಲಿಟ್ಟಳು. ಹೊರಗೆ ಸುಡುಬಿಸಿಲು, ಒಳಗೆ ಕಾಡಿಗೆಯಂಥ ಕತ್ತಲು. ಬೆಚ್ಚನೆಯ, ಹಸಿ ಪುಕ್ಕದ ನಾತ ಮುಖಕ್ಕೆ ರಾಚಿತು.

ಟಿಕ್. ಟಿಕ್.

ಆಮೇಲೆ ಒಂದು ಎಳೆಯ ಕೂಗು. ಸೂಜಿಯಷ್ಟು ಸಣ್ಣದು. ಕೂಗಿ ನಿಂತಿತು. ಕಾಯುತ್ತಿತ್ತು.

ಅವಳು ಬಗ್ಗಿ ಮೊಟ್ಟೆಗೆ ತುಟಿ ತಾಗುವಷ್ಟು ಹತ್ತಿರ ಬಂದಳು. "ಅವಳು ಸತ್ತಾಯ್ತು. ಇನ್ನು ಬರಲ್ಲ. ಈ ಮನೇಲಿ ಇರೋಳು ನಾನು. ಕೇಳಿಸ್ತಾ? ನಾನು!"

ಟಿಕ್ ಎನ್ನುವುದು ನಿಂತಿತು. ನೂಲು ತಾನಾಗಿ ಸಡಿಲಿತು. ಹುಳುವಿನಂತೆ ಮಿಸುಕಿತು. ಜಾರಿ ಬಿತ್ತು. ಅವಳ ಗಂಟಲಿನೊಳಗೆ ತಣ್ಣನೆಯದೇನೋ ಇಳಿಯಿತು. ಒದ್ದೆ ಗರಿಯಂಥದ್ದು. ಉಗುಳಲಾಗಲಿಲ್ಲ. ನುಂಗಲಾಗಲಿಲ್ಲ.

ಬಾಗಿಲು ತೆರೆಯಿತು. ಲಾಟೀನು. ಗಂಡ, ಅತ್ತೆ, ಕನ್ನಡಕದವನು. ಇವಳೇಕೆ ಇಲ್ಲಿ ಎಂದು ಕೇಳಲೂ ಯಾರಿಗೂ ಬಿಡುವಿರಲಿಲ್ಲ. ಚಿಪ್ಪು ಸೀಳಿತ್ತು. ಕಪ್ಪನೆಯ ಒದ್ದೆ ಮರಿ ಹೊರಳಿ ಬಿತ್ತು. ಗಂಡ ಮಂಡಿಯೂರಿದ. "ಮಾತಾಡೇ," ಎಂದು ಅಂಗಲಾಚಿದ. "ಒಂದೇ ಒಂದು ಸಲ ಮಾತಾಡೇ."

ಮರಿ ಕೊಕ್ಕು ತೆರೆಯಿತು.

"ಅವಳು ಸತ್ತಾಯ್ತು. ಇನ್ನು ಬರಲ್ಲ."

ಹೊಸ ಸೊಸೆಯ ದನಿ. ಅದೇ ಕೊಂಕು, ಅದೇ ಬಿರುಸು. ಅತ್ತೆ ಎದೆ ಬಡಿದುಕೊಂಡಳು. ಗಂಡ ನಿಧಾನವಾಗಿ ತಲೆಯೆತ್ತಿದ. ತಾನು ಹೇಳಿದ್ದಲ್ಲ ಎನ್ನಲು ಅವಳು ಬಾಯಿ ತೆರೆದಳು. ಬಂದದ್ದು ಮಾತಲ್ಲ. ಪೊಳ್ಳು ಬಿದಿರಿಗೆ ಗಾಳಿ ಹೊಕ್ಕಂಥ ನೀಳ ಕೂಗು. ನಡುವೆ ಮುರಿದು, ಬಿಕ್ಕಿ, ಮತ್ತೆ ಏರಿತು. ಯಾರೂ ಕೇಳರಿಯದ ಕೂಗು. ಮರಿ ಕತ್ತು ಹೊರಳಿಸಿತು. ತೆವಳುತ್ತ ಬಂದು ಅವಳ ಪಾದದ ಮೇಲೆ ತಲೆಯಿಟ್ಟಿತು.

"ಇದೇ!" ಕನ್ನಡಕದವನ ಕಣ್ಣಲ್ಲಿ ನೀರು. "ಮರಿ ಗುರುತು ಹಿಡೀತು ನೋಡಿ! ಇದೇ ಆ ಕೂಗು!"

ಅವಳು ಓಡಿಹೋಗಿ ನೂಲಜ್ಜಿಯ ಹೊಸ್ತಿಲಲ್ಲಿ ಬಿದ್ದು ಹೊರಳಾಡಿದಳು. ಅಜ್ಜಿ ಅರ್ಧ ಬಾಗಿಲಷ್ಟೇ ತೆರೆದಳು. "ನಾನು ಕಟ್ಟಿದ್ದು ಸತ್ತೋಳ ದನಿ. ಅದಾಗಿದ್ರೆ ಬಿಚ್ತಿದ್ದೆ. ನಿನ್ನದನ್ನ ನೀನಾಗೇ ಕೊಟ್ಟೆಯಲ್ಲ ತಾಯಿ. ಅಲ್ಲಿಗೆ ನನ್ನ ನೂಲು ಎಟಕಲ್ಲ." ಬಾಗಿಲು ಮುಚ್ಚಿತು.

ಮರಿಗೆ ಗರಿ ಮೂಡಿತು. ಮೊದಮೊದಲು ಗಂಡ ಅದರ ಕಡೆ ನೋಡುತ್ತಿರಲಿಲ್ಲ. ಆಮೇಲೆ ಒಂದೆರಡು ಮಾತಿಗೆ ಹೂಂಗುಟ್ಟಿದ. ಆಮೇಲೆ ನಕ್ಕ. ತನ್ನ ಬಾಯಲ್ಲಿದ್ದಾಗ ಯಾರಿಗೂ ಬೇಡವಾಗಿದ್ದ ದನಿ ಕೊಕ್ಕಿಗೆ ಹೋದ ಮೇಲೆ ಹೇಗೆ ಸಿಹಿಯಾಯಿತೆಂದು ಅವಳಿಗೆ ತಿಳಿಯಲಿಲ್ಲ. ತನ್ನ ಮಂಚದ ಪಕ್ಕದಲ್ಲೇ ಅವನು ಹಕ್ಕಿಗೆ ಕೂರಲೊಂದು ಕೋಲು ಕಟ್ಟಿಕೊಟ್ಟ.

ಅಷ್ಟರಲ್ಲಿ ಕನ್ನಡಕದವನು ತಟ್ಟೆ ತುಂಬ ಹೊಸ ಮೊಟ್ಟೆಗಳನ್ನು ತಂದ. ಈ ಸಲ ಅತ್ತೆಯೇ ಅವಳ ಕೈ ಹಿಡಿದು ಕೋಣೆಗೆ ಕರೆದೊಯ್ದಳು. ಅಂಥ ಮೃದು ಸ್ಪರ್ಶ ಈ ಮನೆಯಲ್ಲಿ ಅವಳಿಗೆ ಅದೇ ಮೊದಲು. "ಕೂತ್ಕೋ ಮಗಳೇ. ನೀನಿಲ್ದೆ ಇವು ಉಳಿಯಲ್ಲ," ಎಂದು ಹೊರಗಿನಿಂದ ಚಿಲಕ ಹಾಕಿದಳು.

ಕತ್ತಲು. ಹೊಟ್ಟಿನ ಕಾವು. ಗೋಡೆಯಾಚೆಗೆ ಅವಳದೇ ದನಿ, ಅವಳು ಎಂದೂ ಬಾಯಿ ಬಿಟ್ಟು ಕೇಳಲಾರದೆ ಹೋದ ಮಾತನ್ನು ಕೇಳುತ್ತಿತ್ತು: "ರೀ, ನಾನಂದ್ರೆ ನಿಮಗೆ ಇಷ್ಟಾನಾ?"

"ಹೂಂ ಕಣೇ," ಎಂದ ಗಂಡ. "ನೀನಲ್ದೆ ಇನ್ಯಾರಿದಾರೆ ನನಗೆ?"

ಅವಳು ಒಂದು ಮೊಟ್ಟೆಯನ್ನು ಎತ್ತಿದಳು. ತಲೆಯ ಮೇಲಕ್ಕೆ. ಗೋಡೆಗೆ ಅಪ್ಪಳಿಸಬೇಕು. ಒಂದೊಂದನ್ನೂ. ಎಲ್ಲವನ್ನೂ. ಕೈ ಬೀಸಿತು. ಗಾಳಿಯಲ್ಲೇ ನಿಂತಿತು. ಬೆರಳುಗಳು ಮೆತ್ತಗೆ ಮಡಚಿಕೊಂಡವು. ಅವಳು ಒಲ್ಲೆನೆಂದರೂ ತೋಳು ಇಳಿಯಿತು. ಬೆನ್ನು ಬಾಗಿತು. ಮೊಟ್ಟೆ ಎದೆಯ ಕೆಳಗೆ ಸೇರಿ ಬೆಚ್ಚಗಾಯಿತು.

ಒಳಗಿನಿಂದ ಮರಿ ಕೂಗಿತು.

ಅವಳು ಓಗೊಟ್ಟಳು.