ಮೀನಿನ ತೊಟ್ಟಿಯ ಮುಚ್ಚಳ

ಮತ್ತೆ ಅಷ್ಟೂ ಸತ್ತಿದ್ದವು!

ಕಮೊಸೆ ಹೊಳೆಯ ಮೀನುಗಾರರ ಸಂಘದ ಪರೀಕ್ಷಾ ಮನೆ. ಕಿಟಕಿಯ ಪಕ್ಕದ ಗಾಜಿನ ಬಟ್ಟಲುಗಳ ಮೇಲೆ ಬಗ್ಗಿದ್ದ ಪರೀಕ್ಷೆಯ ಕೆಲಸಗಾರ ಕುರೆಮಾತ್ಸು ತಲೆ ಎತ್ತಲೇ ಇಲ್ಲ. ನಿನ್ನೆ ಕುಣಿಯುತ್ತಿದ್ದ ನೀರುಚಿಗಟಗಳು, ಸಾಸಿವೆಯಷ್ಟೇ ಇರುವ ಜೀವಗಳು, ತಳದಲ್ಲಿ ಧೂಳಿನಂತೆ ಬಿದ್ದಿದ್ದವು. ಅವು ಬದುಕಿದರೆ ನೀರು ಒಳ್ಳೆಯದು, ಸತ್ತರೆ ಕೆಟ್ಟದ್ದು. ಈ ಮನೆಯ ನ್ಯಾಯ ಅಷ್ಟೇ.

ಬಟ್ಟಲಲ್ಲಿದ್ದದ್ದು ಬಟ್ಟೆಗೆ ನೀಲಿ ಹಾಕುವ ಸವನೊ ಅಜ್ಜಿಯ ಬಣ್ಣದ ಮನೆಯ ಮೋರಿ ನೀರು.

"ಮೂರನೇ ಸಲ, ಅಜ್ಜಿ." ಸಂಘದ ಯಜಮಾನ ಓನುಕಿ ತನ್ನ ಹುಲ್ಲಿನ ಟೊಪ್ಪಿ ತೆಗೆದು ಕಿಟಕಿಯ ಕಟ್ಟೆಯ ಮೇಲಿದ್ದ ಮಣ್ಣಿನ ಹಂದಿಯ ಬೆನ್ನಿಗೆ ಹೊದಿಸಿದ. "ನಾಳೆ ಬೆಳಿಗ್ಗೆ ನಿಮ್ಮ ಮೋರಿಗೆ ಹಲಗೆ ಹೊಡೀತೀವಿ."

ಸವನೊ ಬಟ್ಟಲುಗಳ ಹತ್ತಿರ ಬಂದಳು. ಮೋರಿ ಮುಚ್ಚಿದರೆ ಬಟ್ಟೆ ಜಾಲಿಸುವಂತಿಲ್ಲ. ಜಾಲಿಸದಿದ್ದರೆ ನೀಲಿಯ ಹಂಡೆಗಳಿಗೆ ಕೆಲಸವಿಲ್ಲ. ಅತ್ತೆ ಕೈಗಿತ್ತ ಕಸುಬು ತನ್ನ ಕೈಯಲ್ಲೇ ಮುಗಿದುಹೋಗಬೇಕೇ?

"ನಮ್ಮತ್ತೇನೂ ಇದೇ ನೀರು ಬಿಟ್ಟಿದ್ದು," ಎಂದಳು. "ಆಗ ನಿಮ್ಮಪ್ಪ ಹಿಡಿದ ಮೀನೇನು ನೀಲಿ ಬಣ್ಣಕ್ಕೆ ತಿರುಗಿತ್ತಾ?"

"ಮಾತಿಗೇನೂ ಕಮ್ಮಿ ಇಲ್ಲ!"

ಇಬ್ಬರೂ ಒಪ್ಪಿ ಪಟ್ಟಣದಿಂದ ಕರೆಸಿದ್ದ ಪರೀಕ್ಷಕಿ ಇಗರಾಶಿ ಬೀಸಣಿಗೆ ಮಡಚಿದಳು.

"ಬಟ್ಟಲಿಗೆ ಯಾರಾದ್ರೂ ವಿಷ ಬೆರೆಸಿರಬಹುದಾ?"

"ಬೀಗದ ಕೈ ನನ್ನ ಸೊಂಟ ಬಿಟ್ಟು ಹೋಗಲ್ಲ!" ಕುರೆಮಾತ್ಸು ಕೆರಳಿದ.

"ಹಾಗಾದ್ರೆ ಅನುಮಾನ ನಿಮ್ಮ ಮೇಲೇ ಬಂತಲ್ಲ? ಇರಲಿ. ಈ ಕಿಟಕಿ ಪಕ್ಕದ ತೊಟ್ಟೀಲಿರೋ ಮೀನುಗಳು?"

"ಅಜ್ಜಿ ಮೋರಿ ನೀರೇ ಅದೂ. ಆದ್ರೆ ಅವು ಗಟ್ಟಿ ಪಿಂಡ, ಏನೂ ಆಗಿಲ್ಲ."

"ತೊಟ್ಟಿಗೆ ಮುಚ್ಚಳ ಯಾಕೆ?"

"ಹಾರ್ತವಲ್ಲ! ಮುಚ್ಚದಿದ್ರೆ ಬೆಳಿಗ್ಗೆ ನೆಲದ ಮೇಲೆ ಬಿದ್ದಿರ್ತವೆ."

"ಚಿಗಟಕ್ಕೆ ಮುಚ್ಚಳ ಇಲ್ವಲ್ಲ?"

"ಅವು ಹೆಸರಿಗಷ್ಟೇ ಚಿಗಟ. ಬಟ್ಟಲು ಬಿಟ್ಟು ಹಾರಲ್ಲ."

ಇಗರಾಶಿ ಕಿಸಕ್ಕೆಂದು ನಕ್ಕಳು. ಈ ಹೊತ್ತಿನಲ್ಲಿ ಎಂಥ ನಗು ಎಂದು ಸವನೊಳಿಗೆ ಸಿಟ್ಟೇ ಬಂತು.

"ಮೇಲ್ಹೊಳೆಯ ಶುದ್ಧ ನೀರಿನ ಬಟ್ಟಲುಗಳು?"

"ಒಳಕೋಣೇಲಿವೆ. ಒಂದೂ ಸತ್ತಿಲ್ಲ."

"ಅವು ಒಳಗೆ, ಇವು ಕಿಟಕಿ ಹತ್ರ. ಯಾಕೆ?"

ಕುರೆಮಾತ್ಸು ಕತ್ತು ಕೆರೆದುಕೊಂಡ. "ಅಜ್ಜಿ ಬೇಜಾರು ಮಾಡ್ಕೋಬಾರದು... ನಾತ. ಕಿಟಕಿ ತೆಗೆದಿಡದೆ ಇಲ್ಲಿ ಕೂರೋಕಾಗಲ್ಲ."

"ಹುಳಿ ಬಂದ ನೀಲಿ ನಾರದೆ ಘಮಘಮ ಅನ್ನುತ್ತಾ?" ಸವನೊ ಗದರಿದಳು.

"ಹೊಳೆ ದಂಡೆ, ಬೇಸಿಗೆ ಸಂಜೆ, ತೆರೆದ ಕಿಟಕಿ," ಇಗರಾಶಿ ಅವನ ಬರಿ ತೋಳುಗಳನ್ನೇ ನೋಡಿದಳು. "ಆದ್ರೂ ಮೈಮೇಲೆ ಒಂದೂ ದದ್ದಿಲ್ಲ?"

ಅವಳು ಉತ್ತರಕ್ಕೂ ಕಾಯಲಿಲ್ಲ. ಎಲ್ಲರ ಎದುರೇ ಹೊಸ ಚಿಗಟಗಳನ್ನು ಬಿಟ್ಟು, ಬಟ್ಟಲುಗಳನ್ನು ಅದಲುಬದಲು ಮಾಡಿದಳು. ಸವನೊಳ ನೀರು ಒಳಕೋಣೆಗೆ, ಮೇಲ್ಹೊಳೆಯ ನೀರು ಕಿಟಕಿಯ ಪಕ್ಕಕ್ಕೆ.

"ಕುರೆಮಾತ್ಸು ಅವ್ರೇ, ಎಂದಿನ ಹಾಗೇ ಇಲ್ಲಿ ಕೂತು ಕೆಲಸ ಮಾಡಿ. ಏನೂ ಬದಲಾಯಿಸಬೇಡಿ. ಓನುಕಿ ಅವ್ರೇ, ನಾಳೆ ಹಲಗೆ ತರೋದು ಮರೀಬೇಡಿ."

ಬೆಳಿಗ್ಗೆ ಓನುಕಿ ಹಲಗೆ, ಸುತ್ತಿಗೆ ಹೊತ್ತೇ ಬಂದ. ಸವನೊ ಒಳಕೋಣೆಗೆ ಕಾಲಿಟ್ಟಳು.

ತನ್ನ ನೀರಿನಲ್ಲಿ ಚಿಗಟಗಳು ಕುಣಿಯುತ್ತಿದ್ದವು! ಒಂದೂ ಸತ್ತಿರಲಿಲ್ಲ!

ಕಿಟಕಿಯ ಪಕ್ಕದಲ್ಲಿ, ಮೇಲ್ಹೊಳೆಯ ಶುದ್ಧ ನೀರಿನಲ್ಲಿ ಅಷ್ಟೂ ಹೆಣ.

"ಹಾಗಾದ್ರೆ ಕೊಂದಿದ್ಯಾರು?" ಕುರೆಮಾತ್ಸು ತೊದಲಿದ.

"ಕೊಲೆಗಾರ ಇಲ್ಲೇ ಇದಾನೆ," ಎಂದಳು ಇಗರಾಶಿ. "ಬಾಯಿ ತೆಕ್ಕೊಂಡು ಕೂತಿದಾನೆ."

ಎಲ್ಲರೂ ಓನುಕಿಯ ಕಡೆ ತಿರುಗಿದರು. ಅವನು ತೆರೆದಿದ್ದ ಬಾಯಿಯನ್ನು ಟಪ್ಪನೆ ಮುಚ್ಚಿಕೊಂಡ.

"ಇವರಲ್ಲ, ಇವನು!" ಇಗರಾಶಿ ಕಟ್ಟೆಯ ಮೇಲಿನ ಮಣ್ಣಿನ ಹಂದಿಯನ್ನು ಎತ್ತಿ ಬಗ್ಗಿಸಿದಳು. ತೆರೆದ ಬಾಯಿಂದ ಸೊಳ್ಳೆಬತ್ತಿಯ ಬೂದಿ ಉದುರಿತು. "ನಾತಕ್ಕೆ ಕಿಟಕಿ ತೆಗೆದ್ರಿ. ಕಿಟಕಿಯಿಂದ ಸೊಳ್ಳೆ ಬಂತು. ಸೊಳ್ಳೆಗೆ ಅಂತ ಹಂದಿಯೊಳಗೆ ಬತ್ತಿ ಹಚ್ಚಿದ್ರಿ. ಬೇಸಿಗೆಯಲ್ಲಿ ಎಲ್ಲರ ಮನೇಲೂ ಇರೋ ಹಂದಿ ಇದು, ಯಾರ ಕಣ್ಣಿಗೆ ಬೀಳುತ್ತೆ? ಸೊಳ್ಳೆ ಕೊಲ್ಲೋ ಹೊಗೆ ತೆರೆದ ಬಟ್ಟಲಿಗೆ ಇಳಿದ್ರೆ ಚಿಗಟ ಉಳಿಯುತ್ತಾ? ಮೀನಿನ ತೊಟ್ಟಿಗೆ ಮುಚ್ಚಳ ಇತ್ತು, ಅವು ಬದುಕಿದ್ವು. ಅದೇ ನೀರು, ಅದೇ ಕಿಟಕಿ. ವ್ಯತ್ಯಾಸ ಮುಚ್ಚಳದ್ದು ಮಾತ್ರ. ನೀವು ಪರೀಕ್ಷೆ ಮಾಡಿದ್ದು ಅಜ್ಜಿಯ ನೀರನ್ನಲ್ಲ, ನಿಮ್ಮ ಹೊಗೇನ!"

ಕುರೆಮಾತ್ಸು ನೆಲ ಮುಟ್ಟುವಷ್ಟು ಬಾಗಿದ. ಓನುಕಿ ಹಲಗೆಯನ್ನು ಗೋಡೆಗೆ ಒರಗಿಸಿ ತಾನೂ ಬಾಗಿದ. ಸವನೊಳಿಗೆ ಅಳು ಬಂತು, ನಗುವೂ ಬಂತು. ಗೆದ್ದಿದ್ದಳು! ಅವಳಷ್ಟೇ ಅಲ್ಲ, ಅವಳತ್ತೆಯೂ ಗೆದ್ದಿದ್ದಳು.

ಅವಳು ತನ್ನ ಗಂಟು ಬಿಚ್ಚಿ, ಕಡುನೀಲಿ ಅಂಗಿಯೊಂದನ್ನು ತೆಗೆದು ಕುರೆಮಾತ್ಸುವಿನ ಹೆಗಲಿಗೆ ಹಾಕಿದಳು.

"ನೀಲಿ ಬಟ್ಟೆ ತೊಟ್ಟವರ ಹತ್ರ ಸೊಳ್ಳೆ ಸುಳಿಯಲ್ಲ ಅಂತ ನಿಮ್ಮಜ್ಜಿ ಹೇಳಿರಲಿಲ್ವಾ, ದಡ್ಡಪ್ಪಾ? ಮೊದಲೇ ಇದನ್ನ ಹಾಕ್ಕೊಂಡಿದ್ರೆ ಹಂದಿಗೆ ಬೆಂಕಿ ಇಡೋ ಕೆಲಸವೇ ಇರಲಿಲ್ಲ."

ಓನುಕಿ ಕೆಮ್ಮಿದ. "ಅಜ್ಜಿ... ನನ್ನ ಅಳತೇದೂ ಒಂದು ಇದೆಯಾ?"

"ಇದೆ. ಆದ್ರೆ ಜಾಲಿಸಬೇಕು," ಎಂದಳು ಸವನೊ. "ಬಾ, ಮೋರಿ ಹತ್ರ ಬಂದು ಒಂದು ಕೈ ಹಾಕು."