ಕುಸುಬಿ ಎಂದು ಟೈಪ್ ಮಾಡಿದಾಗ

ಮಧ್ಯಾಹ್ನದ ಊಟ ಮುಗಿಸಿ ರೊಟ್ಟಿ ಬುಟ್ಟಿ ಒಳಗಿಡುತ್ತಿದ್ದೆ. ಪಡಸಾಲೆಯಲ್ಲಿ ಅಣ್ಣ ಈರೇಶ ಮೊಬೈಲನ್ನು ಟಿವಿಗೆ ಜೋಡಿಸಿದ. ನೋಡಿದರೆ ಟಿವಿ ತುಂಬ ನನ್ನದೇ ಮುಖ.

"ಐಶೂ, ನಿನ್ನ ಗೇಮ್ ಬಂದೈತಿ, ಬಾ ಇಲ್ಲೆ" ಎಂದು ಕೂಗಿದ. ದನಿಯಲ್ಲಿ ಎಷ್ಟು ಹೆಮ್ಮೆ! ಬುಟ್ಟಿಯ ಮುಚ್ಚಳ ನನ್ನ ಕೈಯಲ್ಲೇ ಉಳಿಯಿತು. ಮುಂದಿನ ವಾರ ಬರಬೇಕಿದ್ದ ಗೇಮು ಅದು.

ಗೇಮ್ ಎಂದರೆ ಗುಂಡು ಹಾರಿಸುವಂಥದ್ದಲ್ಲ. ಗಂಗಾ ಎಂಬ ಹುಡುಗಿ ಕಾಣೆಯಾಗಿದ್ದಾಳೆ. ಅವಳ ಮೊಬೈಲಿನವು, ಅವಳ ಮನೆಯವರವು ಎಂದು ಒಂದಷ್ಟು ವಿಡಿಯೋಗಳು ಉಳಿದಿವೆ. ಆಡುವವರು ಒಂದು ಶಬ್ದ ಟೈಪ್ ಮಾಡಬೇಕು. ಆ ಶಬ್ದ ಯಾವ ವಿಡಿಯೋಕ್ಕೆ ಸೇರಿದೆಯೋ ಅದು ತೆರೆಯುತ್ತದೆ. ಹೀಗೆ ತುಂಡು ತುಂಡಾಗಿ ನೋಡುತ್ತ ಗಂಗಾಳನ್ನು ಯಾರು ಒಯ್ದರು ಎಂದು ಹುಡುಕಬೇಕು. ಗಂಗಾ ನಾನು. ಕ್ಯಾಮೆರಾ ಹಿಡಿದವನು, ಗೇಮ್ ಕಟ್ಟಿದವನು ಹುಲಿಗೇಶ.

ಆ ವಿಡಿಯೋಗಳಲ್ಲಿ ಒಂದು ಮಾತ್ರ ಗಂಗಾಳ ಕಥೆಯದ್ದಲ್ಲ. ನನ್ನದು.

ಹುಲಿಗೇಶ ನಮ್ಮ ಯರಗುಪ್ಪಿಯವನೇ. ಅವರಪ್ಪ ಲಕ್ಕಪ್ಪ ನಮ್ಮ ಹೊಲದ ಕೆಲಸಕ್ಕೆ ಬರುತ್ತಾನೆ. ಅವನಿಗೆ ಚಹಾ ಕೊಡುವ ಕಪ್ಪನ್ನು ಇವತ್ತಿಗೂ ನಮ್ಮ ಮನೆಯೊಳಗೆ ತರುವುದಿಲ್ಲ, ಹಿತ್ತಲ ಗೂಡಿನಲ್ಲಿ ಇಡುತ್ತಾರೆ. ಮಗ ಕುಂದಗೋಳದಲ್ಲಿ ಮದುವೆ ವಿಡಿಯೋ ತೆಗೆಯುವ ಸ್ಟುಡಿಯೋ ಹಾಕಿದ್ದಾನೆ. ಕಾಲೇಜಿನ ನಾಟಕದಲ್ಲಿ ನನ್ನನ್ನು ನೋಡಿ ಗೇಮಿಗೆ ಕೇಳಿದಾಗ ಒಪ್ಪಿದವನು ಅಣ್ಣನೇ. ಒಂದೇ ಷರತ್ತು ಹಾಕಿದ: ನಮ್ಮ ಆಯಿ, ಅಂದರೆ ಅಪ್ಪನ ತಾಯಿ ರೇವವ್ವ, ದಿನಾ ನನ್ನ ಜೊತೆಗಿರಬೇಕು.

ಆಯಿ ಎಲೆಅಡಿಕೆ ಚೀಲ ಹಿಡಿದು ಬಂದು ಬೇವಿನ ನೆರಳಲ್ಲಿ ಕೂರುತ್ತಿದ್ದಳು. ಗಂಗಾಳ ಅಜ್ಜಿಯಾಗಿ, ಕಾಣೆಯಾದ ಮೊಮ್ಮಗಳ ಬಗ್ಗೆ ನಾಲ್ಕು ಮಾತು ಅಳುತ್ತ ಹೇಳಿ ಎಂದು ಕ್ಯಾಮೆರಾ ಎದುರು ಕೂರಿಸಿದರೆ, ಗೋಧಿ ಬೆಲ್ಲದ ಸಿಹಿ ಮಾದಲಿ ಮಾಡುವುದು ಹೇಗೆಂದು ಹೇಳುತ್ತ ಕೂತಳು. ಹುಲಿಗೇಶ ಅದನ್ನೂ ಗೇಮಿನಲ್ಲಿಟ್ಟ.

ಅವನ ಸ್ವಭಾವವೇ ಒಂದು ಥರ. ಕ್ಯಾಮೆರಾದಲ್ಲಿ ನನ್ನನ್ನು ಎಷ್ಟು ಹೊತ್ತು ಬೇಕಾದರೂ ನೋಡುತ್ತಿದ್ದ. ಕ್ಯಾಮೆರಾ ಇಳಿಸಿದ ಕೂಡಲೇ ನೆಲ ನೋಡುತ್ತಿದ್ದ. ನನಗೋ ಮೈಯೆಲ್ಲ ಉರಿಯುತ್ತಿತ್ತು. "ನಾ ನೆಲದಾಗ ಇಲ್ರಿ" ಎಂದು ಒಮ್ಮೆ ಅಂದೇಬಿಟ್ಟೆ.

"ಫೋಕಸ್ ನೋಡಾಕತ್ತಿದ್ನಿರಿ ಮೇಡಂ" ಎಂದ. ನೆಲದಲ್ಲಿ ಎಂಥ ಫೋಕಸ್ಸು? ನಗು ತಡೆಯಲು ದುಪ್ಪಟ್ಟಾದ ತುದಿ ಕಚ್ಚಿಕೊಂಡೆ. ಅವನು ಕಳ್ಳನೋಟದಲ್ಲಿ ಅದನ್ನೂ ನೋಡಿದ.

ಕುಸುಬಿ ಹೂಬಿಟ್ಟ ಕಾಲ. ನೋಡಲು ಹಳದಿ ಹೂವು, ಎಲೆಗೆಲ್ಲ ಮುಳ್ಳು. ಆ ಹೊಲದಲ್ಲಿ ಗಂಗಾ ಬರಿಗಾಲಲ್ಲಿ ಓಡಬೇಕಿತ್ತು. ಓಡಿದೆ, ಹಿಮ್ಮಡಿಗೆ ಮುಳ್ಳು ನಟ್ಟಿತು, ಕೂತುಬಿಟ್ಟೆ. ಹುಲಿಗೇಶ ಕ್ಯಾಮೆರಾ ಬಿಟ್ಟು ಓಡಿ ಬಂದು ಮೊಣಕಾಲೂರಿ ಕೈ ಚಾಚಿದ. ನನ್ನ ಕಾಲಿಗೆ ಗೇಣು ದೂರ ಇದ್ದಾಗ ಆ ಕೈ ನಿಂತಿತು. ಹೆಬ್ಬೆರಳ ಬುಡದಲ್ಲಿದ್ದ ಹಳೆಯ ಸುಟ್ಟಗಾಯದ ಕಲೆ ಆಗ ಕಂಡಿತು. ಕೈ ಹಿಂದೆ ತೆಗೆದುಕೊಂಡು ಆಯಿಯನ್ನು ಕರೆದ. ಆಯಿ ಬಳೆಗೆ ಸಿಗಿಸಿದ್ದ ಪಿನ್ನು ತೆಗೆದು ಮುಳ್ಳು ಕಿತ್ತಳು, ಅವನ ಮುಖ ನೋಡಿದಳು.

ಶೂಟಿಂಗಿನ ಕೊನೆಯ ದಿನ ಅವನು ಬ್ಯಾಟರಿ ತರಲು ಹೋದಾಗ ನಾನು ಕ್ಯಾಮೆರಾ ಎದುರು ಕೂತೆ.

"ಹುಲಿಗೇಶ, ಕುಸುಬಿ ಹೊಲದಾಗ ನಿನ್ನ ಕೈ ಯಾಕ ನಿಂತಿತು ಅನ್ನೂದು ನನಗ ಗೊತ್ತೈತಿ. ಮುಟ್ಟಿದ್ದರ ನನಗ ಖುಷಿ ಆಗತಿತ್ತು. ನಿನ್ನ ಬಿಟ್ಟು ನನಗ ಯಾರೂ ಬ್ಯಾಡ." ಅವನಿಗೆ ನೀ ಎಂದು ಅಂದದ್ದು ಅದೇ ಮೊದಲು. ಅವನ ಎದುರಿಗಲ್ಲ, ಮಷೀನಿನ ಎದುರಿಗೆ. ಧೈರ್ಯ ಇದ್ದದ್ದೇ ಅಷ್ಟು.

ವಿಡಿಯೋದಲ್ಲಿ ಆಡಿದ ಮಾತನ್ನೆಲ್ಲ ಟೈಪ್ ಮಾಡಿ ಕೊಡುವ ಕೆಲಸ ನನ್ನದೇ ಆಗಿತ್ತು. ಇದನ್ನೂ ಟೈಪ್ ಮಾಡಿ ಎಲ್ಲಕ್ಕೂ ಕೊನೆಗೆ ಸೇರಿಸಿದೆ. ಬಿಡುಗಡೆಗೆ ಮುಂಚೆ ಅವನು ಎಲ್ಲವನ್ನೂ ನೋಡುತ್ತಾನೆ, ಇದನ್ನು ತೆಗೆದು ಇಟ್ಟುಕೊಳ್ಳುತ್ತಾನೆ ಎಂದು ನಂಬಿದ್ದೆ. ಆಮೇಲೆ ಅವನಿಂದ ಒಂದು ಮೆಸೇಜೂ ಬರಲಿಲ್ಲ. ನೋಡಿದನೋ, ನೋಡಲೇ ಇಲ್ಲವೋ.

ಈಗ ಅಡುಗೆಮನೆಗೆ ಹೋಗಿ ಅವನಿಗೆ ಫೋನ್ ಹಚ್ಚಿದೆ. ಸ್ವಿಚ್ಡ್ ಆಫ್.

ಅಣ್ಣ ಕೆಟ್ಟವನಲ್ಲ. ನನಗೆ ಜ್ವರ ಬಂದರೆ ರಾತ್ರಿಯಿಡೀ ಕೂರುವವನು. ಆದರೆ ಹೋದ ವರ್ಷ ಬಾಜು ಊರಲ್ಲಿ ಒಬ್ಬ ಹುಡುಗನ ಕಾಲು ಮುರಿದರು. ಅವನು ಮಾಡಿದ್ದ ತಪ್ಪೆಂದರೆ ನಮ್ಮಂಥವರ ಮನೆಯ ಹುಡುಗಿಯನ್ನು ಇಷ್ಟಪಟ್ಟಿದ್ದು. ಆ ಸುದ್ದಿ ಕೇಳಿ ಅಣ್ಣ, ಕಾಲು ಮುರಿದದ್ದು ಕಡಿಮೆಯೇ ಆಯಿತು ಅಂದ. ಹಾಗಂದವನೇ ಇನ್ನೊಂದು ರೊಟ್ಟಿ ಕೇಳಿದ. ನಾನೇ ಬಡಿಸಿದ್ದೆ.

ಅವನ ಬಾಜು ಬಂದು ಕೂತೆ. ಆಯಿ ಮೂಲೆಯಲ್ಲಿ ಅಡಿಕೆ ಕತ್ತರಿಸುತ್ತಿದ್ದಳು. ಅಪ್ಪ, ಅವ್ವ ಅಣ್ಣಿಗೇರಿಗೆ ಮದುವೆಗೆ ಹೋಗಿದ್ದು ಪುಣ್ಯ.

ಅಣ್ಣ 'ನೀರು' ಎಂದು ಹಾಕಿದ, 'ಬಸ್ಸು' ಎಂದು ಹಾಕಿದ. ಹಲವು ವಿಡಿಯೋಗಳಲ್ಲಿ ಬರುವ ಶಬ್ದ ಹಾಕಿದರೆ ಗೇಮು ಅವುಗಳಲ್ಲಿ ಮೊದಲ ಕೆಲವನ್ನು ಮಾತ್ರ ತೋರಿಸುತ್ತದೆ. ಕೊನೆಯಲ್ಲಿರುವ ನನ್ನದು ಬರುವುದಿಲ್ಲ. ಬೇರೆ ಎಲ್ಲೂ ಇಲ್ಲದ ಶಬ್ದ ಅವನಿಗೆ ಹೊಳೆಯಬಾರದು, ಅಷ್ಟೇ. ಮನಿ ಅಂತ ಹಾಕು, ಊಟ ಅಂತ ಹಾಕು ಎಂದು ನಾನೇ ಹೇಳತೊಡಗಿದೆ.

"ನೀ ಸುಮ್ಮನ ಕೂಡಬೇ. ಬೇಕಂತ ದಾರಿ ತಪ್ಪಸಾಕತ್ತಿ" ಎಂದು ನಕ್ಕು ನನ್ನ ಜಡೆ ಎಳೆದ. ನಾನೂ ನಕ್ಕೆ. 

ಅಷ್ಟರಲ್ಲಿ ಗಂಗಾ ಹೊಲದಲ್ಲಿ ಓಡುವ ದೃಶ್ಯ ಬಂತು. ಅಣ್ಣ ತಟ್ಟನೆ ನಿಲ್ಲಿಸಿದ. ಟಿವಿಯ ಹತ್ತಿರ ಹೋಗಿ ಬಗ್ಗಿ ನೋಡಿದ.

"ಜ್ವಾಳದ ಹೊಲದಾಗ ಇದ್ನಿ ಅಂತಾಳ ಗಂಗಾ. ಇದು ಕುಸುಬಿ ಐತಿ. ಸುಳ್ಳು ಹೇಳಾಕತ್ತಾಳ ನೋಡು."

ಬೇಡ ಅನ್ನಬೇಕೆಂದುಕೊಂಡೆ, ಅಂದರೆ ಅವನಿಗೆ ಸಂಶಯ ಬರುತ್ತಿತ್ತು. ಅವನ ಹೆಬ್ಬೆರಳು ಒಂದೊಂದೇ ಅಕ್ಷರ ಒತ್ತಿತು. ಹುಲಿಗೇಶನ ಕಾಲು, ಅವರವ್ವನ ಮುಖ, ಹಿತ್ತಲ ಗೂಡಿನ ಆ ಚಹಾದ ಕಪ್ಪು, ಎಲ್ಲ ಕಣ್ಣ ಮುಂದೆ ಬಂದವು. ಒಂದೇ ಒಂದು ವಿಡಿಯೋ ಸಿಕ್ಕಿತು. ಕಣ್ಣು ಮುಚ್ಚಿದೆ.

ನನ್ನ ದನಿ ಕೇಳಿಸಲಿಲ್ಲ. ಗಾಳಿಯ ಸದ್ದು ಮಾತ್ರ.

ಕಣ್ಣು ಬಿಟ್ಟೆ. ಅದೇ ಹೊಲ. ಯಾರೂ ಇಲ್ಲ. ಹೂವು ಹೋಗಿ ಗಿಡ ಒಣಗಿ, ಮುಳ್ಳು ಬಲಿತು ನಿಂತಿವೆ. ಅವುಗಳ ನಡುವಿನಿಂದ ಒಂದು ಬರಿಗೈ ಬಂತು. ಮುಳ್ಳಿನ ಗಿಡಗಳನ್ನು ಒಂದೊಂದಾಗಿ ಸರಿಸುತ್ತ ಮುಂದೆ ಬಂತು. ರಕ್ತ ಬಂದರೂ ಹಿಂದೆ ಸರಿಯಲಿಲ್ಲ. ಕ್ಯಾಮೆರಾದ ಹತ್ತಿರ ಬಂದು ಅಂಗೈ ಬಿಚ್ಚಿ ಚಾಚಿ ನಿಂತಿತು. ಹಿಡಿದುಕೋ ಅನ್ನುವ ಹಾಗೆ.

ನೋಡಿದ್ದಾನೆ! ನನ್ನದನ್ನು ತೆಗೆದು, ಅದೇ ಜಾಗದಲ್ಲಿ, ಅದೇ ಶಬ್ದಕ್ಕೆ ಉತ್ತರ ಇಟ್ಟಿದ್ದಾನೆ.  ಇಷ್ಟು ಖುಷಿಯಾದದ್ದೂ ಇಷ್ಟು ಹೆದರಿದ್ದೂ ನನಗೆ ಒಟ್ಟಿಗೇ ಹಿಂದೆಂದೂ ಆಗಿರಲಿಲ್ಲ.

ಅಣ್ಣ ವಿಡಿಯೋ ಹಿಂದಕ್ಕೆ ಓಡಿಸಿದ. ಕೈ ಮೇಲೆ ನಿಲ್ಲಿಸಿದ. ಹೆಬ್ಬೆರಳ ಬುಡದ ಆ ಸುಟ್ಟಗಾಯದ ಕಲೆ ಸ್ಪಷ್ಟವಾಗಿ ಕಾಣುತ್ತಿತ್ತು.

"ಗಂಗಾನ್ನ ಒಯ್ದಾಂವ ಇವನ. ಈ ಕೈ ನಾ ಎಲ್ಲೋ ನೋಡೇನಿ, ಐಶೂ. ಸಿಗತಾನ ಬಿಡು, ನೆನಪ ಮಾಡ್ತೀನಿ."

ಆಟದ ಹುರುಪಿನಲ್ಲಿ ಅಂದದ್ದು. ನನಗೆ ಅದು ಆಟವಾಗಿ ಕೇಳಲಿಲ್ಲ.

ಆಯಿ ಅಡಕೊತ್ತು ಕೆಳಗಿಟ್ಟು, ತನ್ನದು ಯಾವಾಗ ಬರುತ್ತದೆ, ಮಾದಲಿ ಅಂತ ಹಾಕು ಎಂದು ಹಟ ಹಿಡಿದಳು. ಅಣ್ಣ ನಗುತ್ತ ಹಾಕಿದ. ಟಿವಿಯಲ್ಲಿ ಆಯಿ ಬೆಲ್ಲದ ಬಗ್ಗೆ ಹೇಳುತ್ತಿರುವಾಗ, ಈ ಆಯಿ ನನ್ನ ರಟ್ಟೆ ಹಿಡಿದು ಅಡುಗೆಮನೆಗೆ ಎಳೆದೊಯ್ದಳು. ಬಳೆಯಿಂದ ಪಿನ್ನು ತೆಗೆದು ನನ್ನ ಕೈಯಲ್ಲಿಟ್ಟಳು.

"ಆ ಹುಡುಗನ ಕೈಯಾಗ ಮುಳ್ಳು ಮುರದಾವ. ಹಂಗ ಬಿಟ್ರ ಕೀವಾಗತೈತಿ. ನಿಮ್ಮಣ್ಣಗ ನೆನಪಾಗೂದರೊಳಗ ಹೋಗಿ ಬಾ."

ಆಯಿಗೆ ಹೆದರಿಕೆ ಇಲ್ಲವೇ ಎಂದು ಕೇಳಿದೆ.

"ಐತಿ. ಅದಕ್ಕ ಲಗೂ ಹೋಗು ಅನ್ನಾಕತ್ತೇನಿ."

ಬ್ಲೌಸ್ ಹೊಲಿಯಲು ಕೊಟ್ಟಿದ್ದನ್ನು ತರಬೇಕೆಂದು ಅಣ್ಣನಿಗೆ ಹೇಳಿ ಕುಂದಗೋಳದ ಬಸ್ ಹತ್ತಿದೆ. ಬಸ್ಸಿನಲ್ಲಿ ಯಾರು ಕೆಮ್ಮಿದರೂ ನನ್ನನ್ನೇ ನೋಡಿ ಕೆಮ್ಮಿದಂತೆ ಅನಿಸುತ್ತಿತ್ತು. ಸ್ಟುಡಿಯೋದ ಷಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಹುಲಿಗೇಶ ಎದ್ದು ನಿಂತ. ನೆಲ ನೋಡಿದ. ಬಲಗೈಯ ಎರಡು ಬೆರಳು ಊದಿದ್ದವು.

ಗೇಮನ್ನು ಯಾಕೆ ಇಷ್ಟು ಬೇಗ ಬಿಟ್ಟೆ ಎಂದು ಬೈದೆ. ಅವನು ಮೆಲ್ಲಗೆ ಹೇಳಿದ: ನಿನ್ನೆ ಆ ವಿಡಿಯೋ ತೆಗೆದ ಮೇಲೆ ಇನ್ನೊಂದು ವಾರ ಕಾಯಲು ಆಗಲಿಲ್ಲ. ಆ ಶಬ್ದ ಹಾಕಿ ಹುಡುಕುವವಳು ನಾನೊಬ್ಬಳೇ ಎಂದುಕೊಂಡಿದ್ದನಂತೆ. ಬಿಟ್ಟ ಮೇಲೆ ನಾನೇನು ಅನ್ನುತ್ತೇನೋ ಎಂದು ಹೆದರಿ ಫೋನ್ ಬಂದ್ ಮಾಡಿದ್ದನಂತೆ. ಇಬ್ಬರದೂ ಒಂದೇ ದಡ್ಡತನ.

ಅಣ್ಣ ಕೈ ನೋಡಿದ್ದನ್ನು ಹೇಳಿದೆ.  ಅವನು ಕೂಡಲೇ ಕಂಪ್ಯೂಟರಿನ ಮುಂದೆ ಕೂತು ಕುಸುಬಿ ಹೊಲದ ಕೈಯನ್ನು ಗೇಮಿನಿಂದ ತೆಗೆದ. ನನ್ನ ವಿಡಿಯೋ ಎಲ್ಲಿ ಎಂದೆ. ಅದು ಅವನ ಹತ್ತಿರವೇ ಇತ್ತು.

"ಅಳಸು" ಅಂದೆ.

"ಆಗೂದಿಲ್ರಿ ಮೇಡಂ. ದಿನಾ ನೋಡತೀನಿ."

"ಅಳಸು, ಹುಲಿಗೇಶ. ಆ ಮಾತು ನಾ ಬಾಯಿಲೆ ಹೇಳತೀನಿ. ಎಷ್ಟು ಸಲ ಬೇಕು ಅಷ್ಟು ಸಲ."

ಅಳಿಸಿದ. ನಾನು ಅವನ ಎದುರಿಗೆ ಕೂತು ಮೊದಲಿನಿಂದ ಎಲ್ಲ ಹೇಳಿದೆ. ಈ ಸಲ ಅವನು ನೆಲ ನೋಡಲಿಲ್ಲ. ಅಷ್ಟು ಹತ್ತಿರದಿಂದ, ನಡುವೆ ಕ್ಯಾಮೆರಾ ಇಲ್ಲದೆ, ಆ ಕಣ್ಣುಗಳನ್ನು ನಾನು ನೋಡಿಯೇ ಇರಲಿಲ್ಲ.

ಪಿನ್ನು ತೆಗೆದೆ. ಅವನ ಕೈ ಮುಂದೆ ಬಂತು, ಗೇಣು ದೂರದಲ್ಲಿ ಮತ್ತೆ ನಿಂತಿತು. ನಾನೇ ಹಿಡಿದುಕೊಂಡೆ. ಬಿಸಿಯಾಗಿತ್ತು.

"ನೋವಾದ್ರ ಹೇಳು."

"ಹೇಳೂದಿಲ್ಲ, ಐಶ್ವರ್ಯ."

ಹೊರಗೆ ಬೈಕೊಂದು ಬಂದು ನಿಂತಿತು. ಇಬ್ಬರೂ ಷಟರಿನ ಕಡೆ ತಿರುಗಿದೆವು. ಷಟರಿನ ಕೆಳಗೆ ಎರಡು ಕಾಲು ಕಂಡವು. ಬಾಜು ಅಂಗಡಿಯಲ್ಲಿ ಏನೋ ಕೇಳಿ, ತೆಗೆದುಕೊಂಡು, ಬೈಕ್ ಹೊರಟುಹೋಯಿತು. ಅಣ್ಣನಲ್ಲ. ಇವತ್ತಿಗೆ ಅಲ್ಲ.

ಅಷ್ಟು ಹೊತ್ತೂ ಅವನು ಕೈ ಎಳೆದುಕೊಂಡಿರಲಿಲ್ಲ. ನಾನೂ ಬಿಟ್ಟಿರಲಿಲ್ಲ. ಇನ್ನೊಂದು ಮುಳ್ಳು ಉಳಿದಿತ್ತು. ತಲೆ ಬಗ್ಗಿಸಿ ಅದನ್ನು ತೆಗೆಯತೊಡಗಿದೆ.